ಯೂರೋ ಒಂದು, ಖಜಾನೆ ಇಪ್ಪತ್ತೊಂದು

ಪ್ರಶ್ನೆ: ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಗ್ರೀಸ್ ಸಾಲದಲ್ಲಿ ಮುಳುಗಿದ ಪಾಠ ಬಂದಾಗಲೆಲ್ಲ ಯಾರಾದರೊಬ್ಬರು, ‘ಮೇಡಂ, ನೋಟು ಪ್ರಿಂಟ್ ಮಾಡಿ ತೀರಿಸಬಹುದಿತ್ತಲ್ಲ?’ ಎಂದು ಕೇಳಿಯೇ ಕೇಳುತ್ತಾರೆ. ಹಣದುಬ್ಬರ ಆಗುತ್ತದೆ ಎಂದು ಹೇಳಿ ಮುಂದೆ ಹೋಗುತ್ತೇನೆ. ಅಷ್ಟು ಹೇಳಿದರೆ ಸಾಕೇ?
– ಉಪನ್ಯಾಸಕಿ, ಶಿರಸಿ

ಉತ್ತರ: ಸಾಲದು. ಹಣದುಬ್ಬರ ಆಮೇಲಿನ ಮಾತು, ಗ್ರೀಸಿಗೆ ತನ್ನಿಷ್ಟದಂತೆ ಹಣ ಸೃಷ್ಟಿಸುವ ಅಧಿಕಾರವೇ ಇರಲಿಲ್ಲ. 2001ರಲ್ಲಿ ಯೂರೋ ಕೂಟ ಸೇರಿದಾಗ ದ್ರಾಖ್ಮಾ ಹೋಯಿತು. ಅದರ ಜೊತೆಗೆ ಬಡ್ಡಿದರ ನಿಗದಿ ಮಾಡುವ, ಹಣದ ಬೆಲೆ ಇಳಿಸುವ ಹಕ್ಕೂ ಹೋಯಿತು. ಎಲ್ಲವೂ ಫ್ರಾಂಕ್‌ಫರ್ಟಿನ ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನ (ಇಸಿಬಿ) ಪಾಲಾಯಿತು. ಆ ಬ್ಯಾಂಕಿನ ಕೈಯನ್ನೂ 1992ರ ಮಾಸ್ಟ್ರಿಕ್ಟ್ ಒಪ್ಪಂದ ಕಟ್ಟಿಹಾಕಿತ್ತು. ಈಗ 123ನೇ ವಿಧಿಯಾಗಿರುವ ನಿಯಮದ ಪ್ರಕಾರ ಅದು ಯಾವ ಸರ್ಕಾರಕ್ಕೂ ಓವರ್‌ಡ್ರಾಫ್ಟ್ ಕೊಡುವಂತಿಲ್ಲ, ಸಾಲ ಕೊಡುವಂತಿಲ್ಲ, ಸರ್ಕಾರದ ಕೈಯಿಂದಲೇ ಬಾಂಡ್ ಕೊಳ್ಳುವಂತಿಲ್ಲ.

ನಮ್ಮ ರಿಸರ್ವ್ ಬ್ಯಾಂಕಿಗೆ ಹೋಲಿಸಿದರೆ ಇದರ ಬಿಗಿ ತಿಳಿಯುತ್ತದೆ. ತಿಂಗಳ ಸಂಬಳದ ಹೊತ್ತಿಗೆ ಖಜಾನೆಗೆ ತೆರಿಗೆ ಬಂದಿರದಿದ್ದರೆ ಅದು ಕೇಂದ್ರಕ್ಕೂ ರಾಜ್ಯಗಳಿಗೂ ಮಿತಿಯೊಳಗೆ ಕೈಗಡ ಕೊಡುತ್ತದೆ. ಕೇಂದ್ರದ ಬಾಂಡುಗಳನ್ನು ಹೊರಡಿಸಿದ ಕೂಡಲೇ ನೇರವಾಗಿ ಕೊಳ್ಳುವುದನ್ನು ಮಾತ್ರ 2006ರ ಏಪ್ರಿಲ್‌ನಿಂದ ನಿಲ್ಲಿಸಿದೆ. ಯೂರೋ ನಾಡಿನಲ್ಲಿ ಆ ಕೈಗಡವೂ ನಿಷಿದ್ಧ.

ಹಾಗೆಂದು ಇಸಿಬಿ ಕೈಕಟ್ಟಿ ಕೂರಲಿಲ್ಲ. ಪೇಟೆಯಲ್ಲಿ, ಬೇರೆಯವರ ಕೈಯಲ್ಲಿರುವ ಬಾಂಡನ್ನು ಅದು ಕೊಳ್ಳಬಹುದು. ಯೂರೋ ಉಳಿಸಲು ಏನು ಬೇಕಾದರೂ ಮಾಡುತ್ತೇವೆ ಎಂದು ಅಧ್ಯಕ್ಷ ಮಾರಿಯೋ ದ್ರಾಗಿ 2012ರ ಜುಲೈನಲ್ಲಿ ಹೇಳಿದ್ದು ಈ ದಾರಿ ನಂಬಿಯೇ. ‘ಇವತ್ತು ಕೊಂಡರೆ ನಾಳೆ ಇಸಿಬಿ ನನ್ನಿಂದ ಕೊಂಡೇ ಕೊಳ್ಳುತ್ತದೆ’ ಎಂಬ ಖಾತರಿ ಪೇಟೆಯವರಿಗೆ ಸಿಗಬಾರದು ಎಂಬ ಷರತ್ತಿನೊಂದಿಗೆ ಐರೋಪ್ಯ ನ್ಯಾಯಾಲಯ 2015ರಲ್ಲಿ ಇದನ್ನು ಒಪ್ಪಿತು. ಗೆರೆ ತೀರಾ ತೆಳುವೆಂದು ನನಗನಿಸುತ್ತದೆ. ಆದರೆ ಆ ಗೆರೆಯ ಮೇಲೆಯೇ ಇಟಲಿ, ಸ್ಪೇನ್‌ಗಳ ಬಡ್ಡಿದರ ಇಳಿಯಿತು.

ಪ್ರಶ್ನೆ: ಯೂರೋ ದೇಶಗಳಿಗೆ ಬಜೆಟ್ ಕೊರತೆಯ ಮಿತಿ ಜಿಡಿಪಿಯ ಶೇ 3, ಸಾಲದ ಮಿತಿ ಶೇ 60. ಈ ಅಂಕಿಗಳನ್ನು ಕೆಎಎಸ್ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೇನೆ. ಇವನ್ನು ಯಾರು, ಯಾವ ಲೆಕ್ಕದಿಂದ ತಂದರು?
– ಸ್ಪರ್ಧಾರ್ಥಿ, ಕಲಬುರಗಿ

ಉತ್ತರ: ಶೇ 3ರ ಹುಟ್ಟು ಕೇಳಿದರೆ ನಗು ಬರುತ್ತದೆ. 1981ರಲ್ಲಿ ಫ್ರಾನ್ಸಿನ ಮಿತ್ತೆರಾಂ ಸರ್ಕಾರ ಬಂದಾಗ ಮಂತ್ರಿಗಳೆಲ್ಲ ಖರ್ಚಿನ ಪಟ್ಟಿ ಹಿಡಿದು ಬರತೊಡಗಿದರು. ಅವರನ್ನು ತಡೆಯಲು ಒಂದು ಸರಳ ಅಂಕಿ ಬೇಕಾಗಿತ್ತು. ಬಜೆಟ್ ವಿಭಾಗದ ಗಿ ಅಬೇಯಿ ಮತ್ತು ಅವರ ಸಹೋದ್ಯೋಗಿ ಶೇ 3 ಎಂದು ಬರೆದುಕೊಟ್ಟರು. ಅದರ ಹಿಂದೆ ಯಾವ ಅರ್ಥಶಾಸ್ತ್ರದ ಸಿದ್ಧಾಂತವೂ ಇರಲಿಲ್ಲವೆಂದು ಅಬೇಯಿಯವರೇ ಮುಂದೆ ಹೇಳಿಕೊಂಡಿದ್ದಾರೆ.

ಶೇ 60 ಹೆಚ್ಚುಕಡಿಮೆ ಮಾಸ್ಟ್ರಿಕ್ಟ್ ಕಾಲದ ಸದಸ್ಯ ದೇಶಗಳ ಸರಾಸರಿ ಸಾಲ. ಎರಡನ್ನೂ ಜೋಡಿಸುವ ಲೆಕ್ಕ ಹೀಗೆ: ದೇಶದ ಉತ್ಪನ್ನ 100, ಸಾಲ 60 ಎನ್ನಿ. ಬೆಲೆ ಏರಿಕೆಯೂ ಸೇರಿ ಉತ್ಪನ್ನ ಶೇ 5 ಬೆಳೆದರೆ 105 ಆಗುತ್ತದೆ. ಕೊರತೆ ತುಂಬಲು 3 ಸಾಲ ಮಾಡಿದರೆ ಒಟ್ಟು ಸಾಲ 63. ಅದು 105ರ ಸರಿಯಾಗಿ ಶೇ 60. ಬೆಳವಣಿಗೆ ಶೇ 2ಕ್ಕೆ ಇಳಿದರೆ ಇದೇ 63, 102ರ ಸುಮಾರು ಶೇ 62 ಆಗುತ್ತದೆ. ಅಂದರೆ ತೊಂಬತ್ತರ ದಶಕದ ನಿರೀಕ್ಷೆಯನ್ನು ಒಪ್ಪಂದದ ಅನುಬಂಧದಲ್ಲಿ ಕಲ್ಲಿಗೆ ಕೆತ್ತಿದರು. ಕೆತ್ತಿದವರೇ ಬಾಗಿಲನ್ನೂ ಇಟ್ಟುಕೊಂಡರು. ಸಾಲ ‘ತಕ್ಕಮಟ್ಟಿಗೆ ಇಳಿಯುತ್ತಿದ್ದರೆ’ ಸಾಕೆಂಬ ಮಾತಿನ ಬಲದಿಂದ, ಶೇ 100 ದಾಟಿದ್ದ ಇಟಲಿ ಮತ್ತು ಬೆಲ್ಜಿಯಂ ಮೊದಲ ಹನ್ನೊಂದು ದೇಶಗಳ ಸಾಲಿನಲ್ಲೇ ಯೂರೋ ಸೇರಿದವು.

ಪರೀಕ್ಷೆಗೆ ಇನ್ನೊಂದು ನೆನಪಿಡಿ: 2024ರ ಏಪ್ರಿಲ್‌ನ ಸುಧಾರಣೆಯ ನಂತರ ಈ ಎರಡೂ ಮಿತಿಗಳು ಉಳಿದಿವೆಯಾದರೂ ದಿನನಿತ್ಯದ ನಿಗಾ ಇರುವುದು ಸರ್ಕಾರದ ನಿವ್ವಳ ವೆಚ್ಚದ ಮೇಲೆ. ಪ್ರತಿ ದೇಶಕ್ಕೂ ನಾಲ್ಕು ವರ್ಷದ ಯೋಜನೆ, ಸುಧಾರಣೆಗೆ ಒಪ್ಪಿದರೆ ಏಳು ವರ್ಷ.

ಪ್ರಶ್ನೆ: ಎಂಟು ವರ್ಷದಿಂದ ಜರ್ಮನಿಯಲ್ಲಿ ತೆರಿಗೆ ಕಟ್ಟುತ್ತಿದ್ದೇನೆ. ಇಲ್ಲಿ ರೈಲು ಹೊತ್ತಿಗೆ ಬರುವುದಿಲ್ಲ, ಸೇತುವೆಗಳಿಗೆ ದುರಸ್ತಿಯಿಲ್ಲ. ಕೇಳಿದರೆ ಸಾಲ ಮಾಡಲು ಸಂವಿಧಾನ ಬಿಡುವುದಿಲ್ಲ ಎನ್ನುತ್ತಾರೆ. ಗ್ರೀಸಿಗೆ ಕೊಡಲು ಮಾತ್ರ ಹೇಗೆ ಹಣ ಬಂತು? ಒಬ್ಬರ ಸಾಲ ಇನ್ನೊಬ್ಬರು ತೀರಿಸಬಾರದು ಎಂದು ಒಪ್ಪಂದದಲ್ಲಿ ಇತ್ತಲ್ಲವೇ?
– ಸಾಫ್ಟ್‌ವೇರ್ ಉದ್ಯೋಗಿ, ಸ್ಟುಟ್‌ಗಾರ್ಟ್

ಉತ್ತರ: ಇತ್ತು, ಈಗಲೂ ಇದೆ. 125ನೇ ವಿಧಿಯ ಪ್ರಕಾರ ಒಂದು ದೇಶದ ಸಾಲಕ್ಕೆ ಇನ್ನೊಂದು ದೇಶ ಹೊಣೆಯಲ್ಲ, ಅದನ್ನು ತಲೆಗೆ ಹೊತ್ತುಕೊಳ್ಳುವಂತೆಯೂ ಇಲ್ಲ. ಆದರೂ 2010ರ ಮೇ ತಿಂಗಳಲ್ಲಿ ಐಎಂಎಫ್ ಪಾಲೂ ಸೇರಿ 11,000 ಕೋಟಿ ಯೂರೋ ನೆರವು ಪ್ರಕಟವಾಯಿತು. 2012ರಲ್ಲಿ 50,000 ಕೋಟಿ ಯೂರೋವರೆಗೆ ಸಾಲ ಕೊಡಬಲ್ಲ ಕಾಯಂ ನಿಧಿಯೇ ಹುಟ್ಟಿತು. ಅದನ್ನು ಐರ್ಲೆಂಡಿನ ಸಂಸದ ಥಾಮಸ್ ಪ್ರಿಂಗಲ್ ಕೋರ್ಟಿಗೆ ಎಳೆದರು. ನಿಮ್ಮ ಪ್ರಶ್ನೆಯನ್ನೇ ಅವರೂ ಕೇಳಿದ್ದರು. 2012ರ ನವೆಂಬರ್ 27ರಂದು ಐರೋಪ್ಯ ನ್ಯಾಯಾಲಯದ ಪೂರ್ಣಪೀಠ ಉತ್ತರ ಕೊಟ್ಟಿತು: ಪ್ರತಿ ಸರ್ಕಾರವೂ ಪೇಟೆಗೆ ಹೆದರಿ ಜವಾಬ್ದಾರಿಯಿಂದ ಸಾಲ ಮಾಡಲಿ ಎಂಬುದು ಈ ವಿಧಿಯ ಉದ್ದೇಶ. ಸಾಲಗಾರ ದೇಶವೇ ತನ್ನ ಸಾಲಕ್ಕೆ ಹೊಣೆಯಾಗಿ ಉಳಿದರೆ, ಕಟ್ಟುನಿಟ್ಟಿನ ಷರತ್ತು ಇದ್ದರೆ, ಇಡೀ ಯೂರೋ ವಲಯದ ಸ್ಥಿರತೆಗೆ ಅನಿವಾರ್ಯವಾದರೆ, ಸಾಲ ಕೊಡುವುದಕ್ಕೆ ಅಡ್ಡಿಯಿಲ್ಲ.

ತೀರ್ಪು ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಮಾರ್ಕ್ ಬಿಟ್ಟು ಯೂರೋ ಒಪ್ಪಿಕೊಳ್ಳುವಾಗ ಜರ್ಮನ್ ಮತದಾರರಿಗೆ ಯಾರೂ ಇದನ್ನು ಬಿಡಿಸಿ ಹೇಳಿರಲಿಲ್ಲ. ಆದ್ದರಿಂದ ಅಲ್ಲಿನವರ ಸಿಟ್ಟಿನಲ್ಲೂ ನ್ಯಾಯವಿದೆ. ಅವರಿಗೆ ಇನ್ನೆರಡು ಸಂಗತಿ ಹೇಳಿ. ಕೊಟ್ಟದ್ದು ದಾನವಲ್ಲ, ಬಡ್ಡಿಯ ಸಾಲ. ಅದಕ್ಕೆ ಪ್ರತಿಯಾಗಿ ಗ್ರೀಸಿನಲ್ಲಿ ಪಿಂಚಣಿ, ಸಂಬಳಗಳಿಗೆ ಕತ್ತರಿ ಬಿತ್ತು. ಮತ್ತೆ, ಆ ಹಣದ ದೊಡ್ಡ ಪಾಲು ಹಳೆಯ ಸಾಲ ತೀರಿಸಲು ಹೋಯಿತು, ಹಳೆಯ ಸಾಲ ಕೊಟ್ಟವರಲ್ಲಿ ಜರ್ಮನಿ, ಫ್ರಾನ್ಸಿನ ಬ್ಯಾಂಕುಗಳೂ ಇದ್ದವು. 2012ರಲ್ಲಿ ಖಾಸಗಿ ಸಾಲದಾತರ ಬಾಂಡುಗಳ ಮುಖಬೆಲೆಯಲ್ಲಿ ಶೇ 53.5 ಕಡಿತವಾಗುವ ಹೊತ್ತಿಗೆ ಅನೇಕರು ಕೈತೊಳೆದುಕೊಂಡಾಗಿತ್ತು.

ನಿಮ್ಮ ಸೇತುವೆ ದುರಸ್ತಿಗೆ ಅಡ್ಡಬಂದದ್ದು ಮಾತ್ರ ಯೂರೋ ಒಪ್ಪಂದವಲ್ಲ, ಜರ್ಮನಿಯೇ 2009ರಲ್ಲಿ ತನ್ನ ಸಂವಿಧಾನಕ್ಕೆ ಸೇರಿಸಿಕೊಂಡ ಸಾಲತಡೆ. ಅದರಂತೆ ಕೇಂದ್ರ ಸರ್ಕಾರದ ರಚನಾತ್ಮಕ ಕೊರತೆ ಜಿಡಿಪಿಯ ಶೇ 0.35 ದಾಟಬಾರದು. ಕೋವಿಡ್‌ಗೆಂದು ಪಡೆದು ಬಳಸದೆ ಉಳಿದಿದ್ದ 6,000 ಕೋಟಿ ಯೂರೋ ಸಾಲದ ಅನುಮತಿಯನ್ನು ಸರ್ಕಾರ ಹವಾಮಾನ ನಿಧಿಗೆ ತಿರುಗಿಸಿತು. 2023ರ ನವೆಂಬರ್ 15ರಂದು ಕಾರ್ಲ್ಸ್‌ರೂಹದ ಸಾಂವಿಧಾನಿಕ ನ್ಯಾಯಾಲಯ ಅದನ್ನು ರದ್ದುಮಾಡಿತು. ಒಂದೇ ದಿನದಲ್ಲಿ ಬಜೆಟ್ ಹರಿಯಿತು, ವರ್ಷದೊಳಗೆ ಮೈತ್ರಿ ಸರ್ಕಾರವೂ ಬಿತ್ತು. 2025ರ ಮಾರ್ಚ್‌ನಲ್ಲಿ ಮೂರನೇ ಎರಡರ ಬಹುಮತದಿಂದ ಸಂವಿಧಾನ ತಿದ್ದಿ, ರಕ್ಷಣಾ ವೆಚ್ಚಕ್ಕೆ ಸಡಿಲಿಕೆಯನ್ನೂ ಮೂಲಸೌಕರ್ಯಕ್ಕೆ 50,000 ಕೋಟಿ ಯೂರೋ ನಿಧಿಯನ್ನೂ ಕೊಟ್ಟಿದ್ದಾರೆ.

ಪ್ರಶ್ನೆ: ಮಿತಿ ಮೀರಿದ ದೇಶಕ್ಕೆ ದಂಡ ಎಂದು ಓದುತ್ತಿರುತ್ತೇವೆ. ಯಾರಾದರೂ ಕಟ್ಟಿದ್ದಾರೆಯೇ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮಂಗಳೂರು

ಉತ್ತರ: ಕೊರತೆ ಹೆಚ್ಚಾಯಿತೆಂದು ಕಟ್ಟಿದವರು ಒಬ್ಬರೂ ಇಲ್ಲ. ಶಿಸ್ತು ಬೇಕೆಂದು ಹಟ ಹಿಡಿದಿದ್ದ ಜರ್ಮನಿಯೇ ಫ್ರಾನ್ಸಿನ ಜೊತೆ ಮಿತಿ ಮೀರಿದಾಗ, 2003ರ ನವೆಂಬರ್‌ನಲ್ಲಿ ಹಣಕಾಸು ಮಂತ್ರಿಗಳು ಕ್ರಮವನ್ನು ತಡೆಹಿಡಿದರು. ಮರುವರ್ಷ ನ್ಯಾಯಾಲಯ ಆ ನಿರ್ಣಯವನ್ನು ರದ್ದುಪಡಿಸಿತು, ಅದರ ಮರುವರ್ಷ ನಿಯಮವೇ ಸಡಿಲವಾಯಿತು. 2016ರಲ್ಲಿ ಸ್ಪೇನ್, ಪೋರ್ಚುಗಲ್‌ಗಳಿಗೆ ದಂಡದ ಮೊತ್ತ ಸೊನ್ನೆ ಎಂದು ತೀರ್ಮಾನಿಸಿದರು. ಅದೇ ವರ್ಷ ಫ್ರಾನ್ಸಿಗೆ ಯಾಕೆ ವಿನಾಯಿತಿ ಎಂದು ಕೇಳಿದ್ದಕ್ಕೆ ಐರೋಪ್ಯ ಆಯೋಗದ ಅಧ್ಯಕ್ಷ ಯುಂಕರ್, ಅದು ಫ್ರಾನ್ಸ್ ಆದ್ದರಿಂದ ಎಂದುಬಿಟ್ಟರು. ಲೆಕ್ಕ ತಿರುಚಿದರೆ ಮಾತ್ರ ಸುಮ್ಮನಿರುವುದಿಲ್ಲ: ವೆಲೆನ್ಸಿಯಾ ಪ್ರಾಂತ್ಯದ ಕೊರತೆಯ ಅಂಕಿ ಅಂಶ ತಪ್ಪಾಗಿ ಕೊಟ್ಟಿದ್ದಕ್ಕೆ 2015ರಲ್ಲಿ ಸ್ಪೇನಿಗೆ ಸುಮಾರು 1.89 ಕೋಟಿ ಯೂರೋ ದಂಡ ಬಿತ್ತು. ದೇಶ ದೇಶಗಳ ನಡುವಿನ ನಿಯಮಕ್ಕಿಂತ ಸ್ವಂತ ಸಂವಿಧಾನದ ನಿಯಮಕ್ಕೇ ಹಲ್ಲಿದೆ. ಮೇಲಿನ ಜರ್ಮನಿಯ ಉತ್ತರದಲ್ಲಿ ಕಂಡದ್ದೂ ಅದೇ.

ಪ್ರಶ್ನೆ: ಕರ್ನಾಟಕದ್ದೂ ಗ್ರೀಸಿನ ಪಾಡೇ ಅಲ್ಲವೇ? ನೋಟು ನಮ್ಮದಲ್ಲ, ಖರ್ಚು ಮಾತ್ರ ನಮ್ಮದು.
– ಗ್ರಾಮ ಪಂಚಾಯಿತಿ ಸದಸ್ಯ, ದಾವಣಗೆರೆ ಜಿಲ್ಲೆ

ಉತ್ತರ: ಅರ್ಧ ಹೌದು. ನಮಗೂ ಸ್ವಂತ ನೋಟಿಲ್ಲ. ಆದರೆ ಹಣಕಾಸು ಆಯೋಗದ ಮೂಲಕ ಕೇಂದ್ರದ ತೆರಿಗೆಯಲ್ಲಿ ಪಾಲು ಬರುತ್ತದೆ. ನಮ್ಮ ಪಾಲು ಕಡಿಮೆಯಾಯಿತೆಂಬ ಜಗಳ ಬೇರೆ. ಗ್ರೀಸಿಗೆ ಅಂಥ ಪಾಲೇ ಇರಲಿಲ್ಲ. ಇನ್ನೊಂದು ಕಡೆ ಗ್ರೀಸಿಗೆ ಸಾಲ ಮಾಡಲು ಯಾರ ಅಪ್ಪಣೆಯೂ ಬೇಕಿರಲಿಲ್ಲ, ನಮಗೆ ಬೇಕು. ಕೇಂದ್ರದಿಂದ ಪಡೆದ ಸಾಲ ಬಾಕಿ ಇರುವವರೆಗೆ ರಾಜ್ಯ ಹೊಸ ಸಾಲಕ್ಕೆ ಕೇಂದ್ರದ ಒಪ್ಪಿಗೆ ಪಡೆಯಬೇಕು ಎನ್ನುತ್ತದೆ ಸಂವಿಧಾನದ 293ನೇ ವಿಧಿ. ಆ ಒಪ್ಪಿಗೆಯ ಹೆಸರಿನಲ್ಲಿ ಕೇಂದ್ರ ಎಷ್ಟು ದೂರ ಹೋಗಬಹುದು ಎಂಬುದನ್ನು ಕೇರಳ ಪ್ರಶ್ನಿಸಿತು. ಸುಪ್ರೀಂ ಕೋರ್ಟ್ 2024ರ ಏಪ್ರಿಲ್ 1ರಂದು ಮಧ್ಯಂತರ ಪರಿಹಾರ ನಿರಾಕರಿಸಿ ವಿಷಯವನ್ನು ಐವರು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಿತು.

ಕೇಂದ್ರ ಹೇಳುವ ಮೊದಲೇ ಸ್ವತಃ ಲಗಾಮು ಹಾಕಿಕೊಂಡ ಮೊದಲ ರಾಜ್ಯ ನಮ್ಮದು. 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಕೇಂದ್ರದ ಕಾಯ್ದೆಗಿಂತ ಹಳೆಯದು. ಅದರಡಿ ಸರ್ಕಾರ ಪ್ರತಿ ವರ್ಷ ಮಧ್ಯಮಾವಧಿ ವಿತ್ತೀಯ ಯೋಜನೆಯನ್ನು ಸದನದ ಮುಂದಿಡಬೇಕು. ಬಜೆಟ್ ದಿನ ಟಿ.ವಿ.ಯಲ್ಲಿ ಯಾವುದು ಅಗ್ಗ, ಯಾವುದು ತುಟ್ಟಿ ಎಂದಷ್ಟೇ ನೋಡಬೇಡಿ. ಆ ಪುಸ್ತಕ ತರಿಸಿಕೊಂಡು ಸಾಲ, ಬಡ್ಡಿ ಮತ್ತು ಸರ್ಕಾರ ಕೊಟ್ಟ ಖಾತರಿಗಳ ಕೋಷ್ಟಕ ಓದಿ, ಪಂಚಾಯಿತಿ ಸಭೆಯಲ್ಲಿ ನಾಲ್ಕು ಜನರಿಗೆ ಓದಿ ಹೇಳಿ.