ಮನೆ ಆರೈಕೆ: ಕೊಟ್ಟ ಹಣಕ್ಕೆ ಸಿಕ್ಕಿದ್ದನ್ನು ಅಳೆಯುವ ಬಗೆ

ಹಿರಿಯರ ಮನೆ ಆರೈಕೆ ಎಂದರೆ ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದು, ಶೌಚಕ್ಕೆ ಕರೆದೊಯ್ಯುವುದು, ರಾತ್ರಿ ಎದ್ದರೆ ಜೊತೆಗಿರುವುದು. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ, ಕಳಸದ ಕಡೆ ಈ ಕೆಲಸ ಮಾಡುವ ಎಲ್ಲರನ್ನೂ ಹೋಂ ನರ್ಸ್ ಎಂದೇ ಕರೆಯುತ್ತಾರೆ. ಕಾಫಿ ಮಾರುವಾಗ ಔಟ್‌ಟರ್ನ್ (ಒಣಗಿಸಿದ ಕಾಫಿಯಿಂದ ಸಿಗುವ ಬೀಜದ ಪ್ರಮಾಣ), ತೇವಾಂಶ ನೋಡದೆ ಬೆಲೆ ಒಪ್ಪದ ಮನೆಗಳೂ ಈ ಸೇವೆಗೆ ಏಜೆನ್ಸಿಯವರು ಹೇಳಿದ ದರವನ್ನು ಹಾಗೆಯೇ ಒಪ್ಪಿಕೊಳ್ಳುತ್ತವೆ. ದರ ಹೆಚ್ಚಿದ್ದರೆ ಆರೈಕೆಯೂ ಚೆನ್ನಾಗಿರುತ್ತದೆ ಎಂದು ನಂಬುತ್ತವೆ. ಆ ನಂಬಿಕೆಗೆ ಆಧಾರವಿಲ್ಲ. ಆರೈಕೆಯ ಗುಣ ತಿಳಿಯುವುದು ಹಿರಿಯರ ಮೈಯಿಂದ, ಅವರ ದಿನಚರಿಯಿಂದ ಮತ್ತು ಹೋಂ ನರ್ಸ್ ರಜೆ ಹೋದ ದಿನ ಮನೆಯಲ್ಲಿ ಏನಾಗುತ್ತದೆ ಎಂಬುದರಿಂದ.

ಈ ಸೇವೆಯ ಅಗತ್ಯ ಮಲೆನಾಡಿನಲ್ಲಿ ಏಕೆ ಹೆಚ್ಚಿತು ಎಂಬುದು ಜನಗಣತಿಯಲ್ಲೇ ಕಾಣುತ್ತದೆ. 2001ರಲ್ಲಿ ಸುಮಾರು 11.41 ಲಕ್ಷವಿದ್ದ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 2011ಕ್ಕೆ 11.38 ಲಕ್ಷಕ್ಕೆ ಇಳಿಯಿತು. ಓದಿದ ಮಕ್ಕಳು ಬೆಂಗಳೂರಿಗೋ ಮಂಗಳೂರಿಗೋ ಹೊರದೇಶಕ್ಕೋ ಹೋದರು. ತೋಟ ಬಿಟ್ಟು ಬರಲೊಪ್ಪದ ತಂದೆ ತಾಯಿ ಊರಲ್ಲೇ ಉಳಿದರು. ಬಣಕಲ್, ಬಾಳೂರು, ಗೋಣಿಬೀಡಿನ ಒಳಭಾಗದಲ್ಲಿ ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳಿಸುವುದಿಲ್ಲ. ಅಲ್ಲಿ ಹಿರಿಯರ ಜೊತೆ ಹಗಲೂ ರಾತ್ರಿಯೂ ಇರುವ ವ್ಯಕ್ತಿ ಹೋಂ ನರ್ಸ್ ಒಬ್ಬರೇ.

ಇಷ್ಟು ದೊಡ್ಡ ಹೊಣೆಯ ಸೇವೆಗೆ ಪ್ರತ್ಯೇಕ ಕಾನೂನು ಇನ್ನೂ ಬಂದಿಲ್ಲ. ತಂದೆ ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯ್ದೆ ಮಕ್ಕಳ ಹೊಣೆಯನ್ನು ಹೇಳುತ್ತದೆಯೇ ಹೊರತು ಹೋಂ ನರ್ಸ್ ಏಜೆನ್ಸಿಗಳ ಮಾತನ್ನು ಎತ್ತುವುದಿಲ್ಲ. ಮನೆ ಆರೈಕೆ ಸಂಸ್ಥೆಗಳ ನೋಂದಣಿಯನ್ನೂ ಕನಿಷ್ಠ ಗುಣಮಟ್ಟವನ್ನೂ ಅದಕ್ಕೆ ಸೇರಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಯಿತು. ಅದು ಅಂಗೀಕಾರವಾಗಲಿಲ್ಲ, 2024ರಲ್ಲಿ ಆ ಲೋಕಸಭೆಯ ಅವಧಿಯ ಜೊತೆಗೇ ಬಿದ್ದುಹೋಯಿತು. ಹೀಗಾಗಿ ಪರೀಕ್ಷಿಸುವ ಕೆಲಸ ಹಣ ಕೊಡುವ ಮನೆಯವರ ಪಾಲಿಗೇ ಬಂದಿದೆ.

ಮೊದಲು ವಿಚಾರಿಸಬೇಕಾದದ್ದು ಬರುವವರು ಯಾರು ಎಂಬುದನ್ನು. ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಓದಿದವರಿಗೆ ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಇಂಜೆಕ್ಷನ್ ಕೊಡುವುದು, ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದು, ಕ್ಯಾಥೆಟರ್ ಬದಲಿಸುವುದು, ಆಳವಾದ ಹುಣ್ಣಿಗೆ ಪಟ್ಟಿ ಕಟ್ಟುವುದು ಅಂಥವರ ಕೆಲಸ. ಏಜೆನ್ಸಿಗಳು ಕಳಿಸುವವರಲ್ಲಿ ಬಹಳಷ್ಟು ಮಂದಿ ಕೆಲವು ವಾರದ ತರಬೇತಿ ಪಡೆದ ಆರೈಕೆದಾರರು. ಅದರಲ್ಲಿ ತಪ್ಪೇನೂ ಇಲ್ಲ, ಹೆಚ್ಚಿನ ಮನೆಗಳಿಗೆ ಬೇಕಾಗಿರುವುದು ಅವರೇ. ಆದರೆ ನರ್ಸಿನ ದರ ಪಡೆದು ಆರೈಕೆದಾರರನ್ನು ಕಳಿಸುವುದು ಮೋಸ. ನೋಂದಣಿ ಪತ್ರ, ಆಧಾರ್, ಪೊಲೀಸ್ ಪರಿಶೀಲನೆಯ ಪ್ರತಿ, ಹಿಂದೆ ಕೆಲಸ ಮಾಡಿದ ಎರಡು ಮನೆಗಳ ಫೋನ್ ನಂಬರ್ ಇಷ್ಟನ್ನು ಮುಂಗಡ ಕೊಡುವ ಮೊದಲೇ ಕೇಳಬೇಕು.

ಎಷ್ಟು ಆರೈಕೆ ಬೇಕು ಎಂಬುದಕ್ಕೂ ಒಂದು ಅಳತೆಯಿದೆ. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಆರು ಬಾಬತ್ತುಗಳಿವೆ: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗಿಬರುವುದು, ಹಾಸಿಗೆಯಿಂದ ಕುರ್ಚಿಗೆ ಏಳುವುದು, ಮಲಮೂತ್ರದ ಹಿಡಿತ, ಊಟ. ಇವುಗಳಲ್ಲಿ ಯಾವುದನ್ನು ಅಜ್ಜ ಅಥವಾ ಅಜ್ಜಿ ತಾವಾಗಿ ಮಾಡಬಲ್ಲರು, ಯಾವುದಕ್ಕೆ ಕೈ ಹಿಡಿಯಬೇಕು ಎಂದು ಆರೈಕೆ ಶುರುವಾಗುವ ದಿನ ಬರೆದಿಟ್ಟು, ಮೂರು ತಿಂಗಳಿಗೊಮ್ಮೆ ಮತ್ತೆ ಬರೆಯಬೇಕು. ಇಳಿವಯಸ್ಸಿನಲ್ಲಿ ಶಕ್ತಿ ಕುಂದುವುದು ಸಹಜ. ಆದರೆ ಕುರ್ಚಿಯ ತನಕ ನಡೆಯುತ್ತಿದ್ದವರನ್ನು ಕೆಲಸ ಸುಲಭವಾಗಲೆಂದು ಹಾಸಿಗೆಯಲ್ಲೇ ಮಲಗಿಸಿ ಡಯಾಪರ್ ಕಟ್ಟಿದರೆ ಆ ಕುಂದು ವಯಸ್ಸಿನದಲ್ಲ, ಆರೈಕೆಯದು. ತಿಂಗಳ ಬಿಲ್ಲಿನಲ್ಲಿ ಡಯಾಪರ್ ಖರ್ಚು ಕಾರಣವಿಲ್ಲದೆ ಏರಿದಾಗ ಮನೆಯವರು ಕೇಳಬೇಕಾದ ಪ್ರಶ್ನೆ, ಈ ಕುಂದು ವಯಸ್ಸಿನದೋ ಆರೈಕೆಯದೋ ಎಂಬುದು.

ಮೈ ಸುಳ್ಳು ಹೇಳುವುದಿಲ್ಲ. ಮಲಗಿದವರ ಸೊಂಟದ ಕೆಳಭಾಗ, ಹಿಮ್ಮಡಿ, ಭುಜದ ಮೂಳೆಗಳ ಮೇಲೆ ಒತ್ತಡ ಬಿದ್ದು ಹಾಸಿಗೆ ಹುಣ್ಣಾಗುತ್ತದೆ. ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ರೂಢಿಯ ನಿಯಮ. ಚರ್ಮದ ಮೇಲೆ ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿದಾಗ ಬಿಳಿಚಿಕೊಳ್ಳದೆ ಕೆಂಪಾಗಿಯೇ ಉಳಿದರೆ ಹುಣ್ಣು ಆಗಲೇ ಶುರುವಾಗಿದೆ ಎಂದರ್ಥ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಸರಿಯಾಗಿ ಕಾಣದ ಕಾರಣ ಆ ಜಾಗ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡಬೇಕು. ಏರ್‌ಬೆಡ್ ತಂದುಬಿಟ್ಟರೆ ಮಗ್ಗುಲು ಬದಲಿಸುವುದು ಬೇಡ ಎಂಬ ತಿಳಿವಳಿಕೆ ತಪ್ಪು. ಮೇಲಾಗಿ ಜುಲೈ ತಿಂಗಳ ಮಳೆಯಲ್ಲಿ ಕರೆಂಟ್ ಹೋಗಿ ದಿನವಿಡೀ ಬಾರದಿದ್ದರೆ ಏರ್‌ಬೆಡ್ಡಿನ ಪಂಪೂ ನಿಲ್ಲುತ್ತದೆ.

ತೂಕ ಎರಡನೆಯ ಸಾಕ್ಷಿ. ಆರರಿಂದ ಹನ್ನೆರಡು ತಿಂಗಳೊಳಗೆ, ಪ್ರಯತ್ನಪಡದೆಯೇ ಶೇ. 5ಕ್ಕಿಂತ ಹೆಚ್ಚು ತೂಕ ಇಳಿದರೆ ವೈದ್ಯರಿಗೆ ತೋರಿಸಬೇಕು. 50 ಕಿಲೋ ಇದ್ದ ಅಜ್ಜಿಗೆ ಆ ಮಿತಿ ಎರಡೂವರೆ ಕಿಲೋ ಮಾತ್ರ. ಎದ್ದು ನಿಲ್ಲಲಾಗದವರ ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ತೆಗೆದರೂ ಸಾಕು. ಮಾತ್ರೆಯ ಲೆಕ್ಕ ಮೂರನೆಯದು. ತಂದ ಸ್ಟ್ರಿಪ್ಪುಗಳಲ್ಲಿ ಉಳಿದ ಮಾತ್ರೆಗೂ ಕಳೆದ ದಿನಗಳಿಗೂ ತಾಳೆಯಾಗಬೇಕು. ನಿದ್ದೆ ಮಾತ್ರೆ ಬೇಗ ಮುಗಿಯುತ್ತಿದ್ದು, ಹಿರಿಯರು ಹಗಲೆಲ್ಲ ತೂಕಡಿಸುತ್ತಿದ್ದರೆ ತಡಮಾಡದೆ ವಿಚಾರಿಸಬೇಕು. ಈ ಅಂಕಣ ಬರೆಯುವವರ ಮನೆಯಲ್ಲಿ ಇವೆಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಮಾಮೂಲಿ ಉದ್ದನೆಯ ನೋಟ್‌ಬುಕ್ಕು. ಎಷ್ಟು ಊಟ ಹೋಯಿತು, ಎಷ್ಟು ನೀರು ಕುಡಿದರು, ಎಷ್ಟು ಹೊತ್ತಿಗೆ ಮಗ್ಗುಲು ಬದಲಿಸಲಾಯಿತು, ಬಿ.ಪಿ. ಎಷ್ಟು ಎಂಬುದನ್ನು ಆಗಾಗಲೇ ಅದರಲ್ಲಿ ಬರೆದಿಡಬೇಕು. ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ ಇಡೀ ವಾರದ್ದನ್ನು ತುಂಬಿಸಿದ ಪುಟ ನೋಡಿದ ಕೂಡಲೇ ಗೊತ್ತಾಗುತ್ತದೆ. ದೂರದಲ್ಲಿರುವ ಮಕ್ಕಳು ಕ್ಯಾಮೆರಾ ಹಾಕಿಸುವುದುಂಟು. ಸ್ನಾನ, ಶೌಚದ ಜಾಗವನ್ನು ಬಿಟ್ಟು, ಹಿರಿಯರಿಗೂ ಕೆಲಸದವರಿಗೂ ತಿಳಿಸಿಯೇ ಹಾಕಿಸಬೇಕು. ಅದಕ್ಕಿಂತ ಹೆಚ್ಚು ತಿಳಿಯುವುದು, ಹೇಳದೆ ಕೇಳದೆ ಬಂದು ಅರ್ಧ ದಿನ ಕೂತು ಹೋಗುವ ಅತ್ತೆಯಿಂದಲೋ ಪಕ್ಕದ ತೋಟದವರಿಂದಲೋ.

ಮಲೆನಾಡಿನ ನಿಜವಾದ ಪರೀಕ್ಷೆ ಬದಲಿ ವ್ಯವಸ್ಥೆ. ಏಜೆನ್ಸಿಗಳು ಹೆಚ್ಚಾಗಿ ಮಂಗಳೂರು, ಹಾಸನ, ಬೆಂಗಳೂರಿನಲ್ಲಿರುತ್ತವೆ. 2019ರ ಆಗಸ್ಟ್‌ನಲ್ಲಿ ಭೂಕುಸಿತದಿಂದ ಚಾರ್ಮಾಡಿ ಘಾಟಿ ಮುಚ್ಚಿದ್ದಾಗ ಮಂಗಳೂರಿನಿಂದ ಮೂಡಿಗೆರೆಗೆ ನೇರ ದಾರಿಯೇ ಇರಲಿಲ್ಲ. ಮಳೆಗಾಲದಲ್ಲಿ ಊರಿಗೆ ಹೋದ ಹೋಂ ನರ್ಸ್ ಹಿಂತಿರುಗದಿದ್ದರೆ ಬದಲಿ ಜನ ಎಲ್ಲಿಂದ, ಎಷ್ಟು ಗಂಟೆಯೊಳಗೆ ಬರುತ್ತಾರೆ, ಬಾರದ ದಿನಗಳ ಹಣ ಕಡಿತವಾಗುತ್ತದೆಯೇ ಎಂಬುದು ಕರಾರಿನಲ್ಲಿ ಇರಬೇಕು. ಉದಾಹರಣೆಗೆ ಒಂದು ಏಜೆನ್ಸಿ ತಿಂಗಳಿಗೆ 22,000 ರೂಪಾಯಿ ಕೇಳಿ ಬದಲಿಯ ಭರವಸೆ ಕೊಡುವುದಿಲ್ಲ, ಇನ್ನೊಂದು 26,000 ಕೇಳಿ ಒಂದು ದಿನದೊಳಗೆ ಬದಲಿ ಕಳಿಸುತ್ತದೆ ಎಂದುಕೊಳ್ಳೋಣ. ವರ್ಷದ ವ್ಯತ್ಯಾಸ 48,000. ಬದಲಿ ಇಲ್ಲದ 20 ದಿನ ಮಗಳು ದಿನಕ್ಕೆ 2,500ರಂತೆ ಸಂಬಳವಿಲ್ಲದ ರಜೆ ಹಾಕಿದರೆ 50,000 ಹೋಗುತ್ತದೆ. ಕಡಿಮೆ ದರದ್ದೇ ದುಬಾರಿಯಾಗುವುದು ಹೀಗೆ.

ಕೊಟ್ಟ ಹಣದಲ್ಲಿ ಕೆಲಸ ಮಾಡುವವರ ಕೈಸೇರುವುದೆಷ್ಟು ಎಂದು ಕೇಳಲು ಸಂಕೋಚಪಡಬಾರದು. ದೊಡ್ಡ ಪಾಲು ಕಮಿಷನ್ನಿಗೆ ಹೋದರೆ ಜನ ನಿಲ್ಲುವುದಿಲ್ಲ. ಜನ ಬದಲಾದಷ್ಟು ಸಲ ಮರೆವಿನ ಕಾಯಿಲೆಯ ಹಿರಿಯರು ಹೊಸ ಮುಖಕ್ಕೆ ಹೆದರುತ್ತಾರೆ, ಊಟ ಬಿಡುತ್ತಾರೆ. ಹಗಲಿಡೀ ದುಡಿದವರನ್ನು ರಾತ್ರಿಯೂ ನಾಲ್ಕೈದು ಸಲ ಎಬ್ಬಿಸುವ ಮನೆಯಲ್ಲಿ ಒಳ್ಳೆಯ ಆರೈಕೆ ಸಾಧ್ಯವೇ ಇಲ್ಲ. ನಿದ್ದೆ, ವಾರದ ರಜೆ, ಮಲಗಲು ಬೆಚ್ಚಗಿನ ಜಾಗ, ಮನೆಯವರು ಉಣ್ಣುವ ಊಟ ಇವನ್ನು ಔದಾರ್ಯವೆಂದು ಬಗೆಯದೆ ಆರೈಕೆಯ ಖರ್ಚಿಗೇ ಸೇರಿಸಬೇಕು.

ಈ ಖರ್ಚನ್ನು ಆರೋಗ್ಯ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಸ್ನಾನ, ಬಟ್ಟೆ, ಓಡಾಟದಂಥ ನಿತ್ಯದ ಕೆಲಸಗಳಲ್ಲಿ ನೆರವಾಗುವ ಪಾಲನೆಯನ್ನು, ಅದು ಮನೆಯಲ್ಲಿ ನಡೆದರೂ, ಹೊರಗಿಡಲು ವಿಮಾ ನಿಯಂತ್ರಣ ಪ್ರಾಧಿಕಾರದ ಪ್ರಮಾಣಿತ ಪಟ್ಟಿಯ 05ನೆಯ ಸಂಕೇತ ಅವಕಾಶ ಕೊಡುತ್ತದೆ. 2024ರ ಅಕ್ಟೋಬರ್‌ನಲ್ಲಿ 70 ತುಂಬಿದ ಎಲ್ಲರಿಗೂ ವಿಸ್ತರಿಸಿದ ಆಯುಷ್ಮಾನ್ ಭಾರತದ 5 ಲಕ್ಷವೂ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೇ ಇರುವುದು. ತೋಟದ ಮನೆಗಳಿಗೆ ಇನ್ನೊಂದು ತೊಡಕಿದೆ: ಅರೇಬಿಕಾ ನವೆಂಬರ್‌ನಿಂದ, ರೊಬಸ್ಟಾ ಜನವರಿಯಿಂದ ಕೊಯ್ಲಾಗಿ ಹಣ ವರ್ಷಕ್ಕೊಮ್ಮೆ ಬರುತ್ತದೆ, ಆರೈಕೆಯ ಹಣ ತಿಂಗಳು ತಿಂಗಳೂ ಹೋಗಬೇಕು. ಕಾಫಿ ಮಾರಿದ ತಕ್ಷಣ ಒಂದು ವರ್ಷದ ಆರೈಕೆಯ ಹಣವನ್ನು ಬೇರೆ ಖಾತೆಗೆ ಹಾಕಿಡುವುದು ಲೇಸು. ಉಳಿತಾಯದ ಬಡ್ಡಿಯಿಂದ ಈ ಖರ್ಚು ತೂಗಿಸುವುದು ಇನ್ನೊಂದು ದಾರಿ: ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರ ಏಪ್ರಿಲ್‌ನಲ್ಲಿ 15ರಿಂದ 30 ಲಕ್ಷಕ್ಕೆ ಏರಿತು. ಆಗ ನಿಗದಿಯಾದ ಶೇ. 8.2ರ ದರದಲ್ಲಿ ಪೂರ್ತಿ ಮೊತ್ತಕ್ಕೆ ಮೂರು ತಿಂಗಳಿಗೊಮ್ಮೆ 61,500, ಅಂದರೆ ತಿಂಗಳಿಗೆ 20,500 ರೂಪಾಯಿ ಬಡ್ಡಿ. ಈ ಬಡ್ಡಿಗೆ ಆದಾಯ ತೆರಿಗೆ ಅನ್ವಯಿಸುತ್ತದೆ.

ಸೇವೆ ಕೆಟ್ಟಾಗ ದೂರು ಕೊಡಲು ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಏಜೆನ್ಸಿ ಮಂಗಳೂರಿನದಾದರೂ ಮೂಡಿಗೆರೆಯವರಿಗೆ ಚಿಕ್ಕಮಗಳೂರು ಸಾಕು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಏಜೆನ್ಸಿಯಿಲ್ಲದೆ ಮನೆಯವರೇ ನೇರವಾಗಿ ಸಂಬಳಕ್ಕಿಟ್ಟುಕೊಂಡವರ ಕೆಲಸ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಕರಾರಿನ ಪ್ರತಿ, ಬ್ಯಾಂಕ್ ಮೂಲಕ ಹಣ ಕೊಟ್ಟ ದಾಖಲೆ, ದಿನಚರಿಯ ನೋಟ್‌ಬುಕ್ಕು ಮತ್ತು ತಾರೀಖು ಇರುವ ಫೋಟೋಗಳೇ ಆಯೋಗದ ಮುಂದೆ ಸಾಕ್ಷ್ಯ. ಹಿರಿಯರ ಮೇಲೆ ಕೈ ಮಾಡಿದ, ಬೈದ, ಒಡವೆ ಕದ್ದ ಪ್ರಕರಣ ಪೊಲೀಸರಿಗೆ ಹೋಗಬೇಕು. ಏನು ಮಾಡಬೇಕೆಂದು ತೋಚದವರು ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.