ತಿಪ್ಪೆಯ ಹುಳು, ಕೋಳಿಯ ಮೇವು

ಹಲಸಂಗಿಯ ಕೋಳಿಗೆ ಹುಳು ಹೊಸ ಆಹಾರವಲ್ಲ. ತಿಪ್ಪೆಯನ್ನು ಕೆದರುವಾಗ ಅದು ಅರಸುವುದು ಹುಳುವನ್ನೇ. ಇಂದು ಹುಳುಗಳನ್ನು ಸಾಕಿ, ಒಣಗಿಸಿ, ಮೇವಾಗಿ ಮಾರುವ ಉದ್ಯಮವು ಬೆಳೆಯುತ್ತಿದೆ. ಯುರೋಪಿನ ಒಕ್ಕೂಟವು ಇದನ್ನು 2017ರಲ್ಲಿ ಸಾಕುಮೀನುಗಳಿಗೂ 2021ರಲ್ಲಿ ಕೋಳಿ, ಹಂದಿಗಳಿಗೂ ತಿನ್ನಿಸಲು ಅನುಮತಿಯಿತ್ತಿತು. ನಮ್ಮ ನಾಡಿನಲ್ಲಿಯಾದರೋ ರೇಷ್ಮೆಗೂಡಿನ ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳು, ಅಂದರೆ ಪ್ಯೂಪಾ, ಬಹುಕಾಲದಿಂದ ಮೀನು ಕೋಳಿಗಳ ಮೇವಿಗೆ ಸಲ್ಲುತ್ತಿದೆ. ಒಣಗಿದ ಪ್ಯೂಪಾದ ಅರ್ಧದಷ್ಟು ಸಸಾರಜನಕ, ಕಾಲುಭಾಗದಷ್ಟು ಕೊಬ್ಬು. ಕೊಬ್ಬನ್ನು ಹಿಂಡಿ ತೆಗೆಯದಿದ್ದರೆ ಮೇವು ಬೇಗನೆ ಕಮಟುತ್ತದೆ.

ಹೊಸದಾಗಿ ಸಾಕುತ್ತಿರುವುದು ಕಪ್ಪು ಸೈನಿಕ ನೊಣದ ಮರಿಹುಳುವನ್ನು. ಕೊಳೆತ ತರಕಾರಿಯೇ ಅದಕ್ಕೆ ಊಟ. ಮೈಯನ್ನು ಬೆಚ್ಚಗಿರಿಸಿಕೊಳ್ಳುವ ವೆಚ್ಚವು ಹುಳುವಿಗಿಲ್ಲ. ಆದುದರಿಂದ ತಿಂದುದರಲ್ಲಿ ಹೆಚ್ಚಿನ ಪಾಲು ಮೈಗೂಡುತ್ತದೆ.

ತೊಡಕಿರುವುದು ನೀರಿನಲ್ಲಿ. ಹಸಿಹುಳುವಿನ ಮೂರರಲ್ಲಿ ಎರಡು ಪಾಲು ನೀರೆಂದು ಹಿಡಿಯೋಣ. 1 ಕಿಲೊಗ್ರಾಂ ಒಣ ಮೇವಿಗೆ 2 ಕಿಲೊಗ್ರಾಂ ನೀರು ಆವಿಯಾಗಬೇಕು. ಕುದಿಯುವ ನೀರಿನ ಒಂದೊಂದು ಗ್ರಾಮಿಗೆ ಸುಮಾರು 540 ಕ್ಯಾಲೊರಿಯಂತೆ ಇದು ಹತ್ತು ಲಕ್ಷ ಕ್ಯಾಲೊರಿಗೂ ಮಿಕ್ಕಿತು! ಶಾಖವು ಎಳ್ಳಷ್ಟೂ ಸೋರದಿದ್ದರೂ ಸುಮಾರು ಕಾಲು ಕಿಲೊಗ್ರಾಂ ಒಣಕಟ್ಟಿಗೆ ಬೇಕು. ನಮ್ಮ ಒಲೆಗಳಲ್ಲಿ ಅದರ ಹಲವು ಪಟ್ಟು. ಕಟ್ಟಿಗೆಯನ್ನು ಕೊಂಡರೆ ಲಾಭವು ಹೊಗೆಯಾಗುವುದು. ಇಂಡಿ ಸೀಮೆಯ ಬೇಸಗೆಯ ಬಿಸಿಲಿಗೆ ಬೆಲೆಯಿಲ್ಲ. ಆದರೆ ಮೊದಲು ಹುಳುಗಳನ್ನು ಕುದಿನೀರಿನಲ್ಲಿ ಅದ್ದಿ ತೆಗೆದು, ತೆಳ್ಳಗೆ ಹರವಬೇಕು. ರಾಶಿ ಹಾಕಿದರೆ ಒಣಗುವ ಮೊದಲೇ ಕೊಳೆಯುತ್ತವೆ.