ಅಂಕ ಹಾಕೋಕೆ ಮುಂಚೆ ಪೂರ್ತಿ ಕೇಳಪ್ಪ

ಹೊಸ ಆಲ್ಬಂ ಬಿಡುಗಡೆಯಾದ ರಾತ್ರಿಯೇ ಹತ್ತಕ್ಕೆ ಇಷ್ಟು ಅಂತ ಅಂಕ ಹಾಕಿಬಿಡ್ತೀಯಲ್ಲ, ಅದೊಂದು ನನಗೆ ಹಿಡಿಸೋದಿಲ್ಲ ಕಣಪ್ಪ. ಉಳಿದದ್ದೆಲ್ಲ ಹಿಡಿಸುತ್ತೆ. ಬೆಂಗಳೂರಿನ ದೊಡ್ಡಮಾವಳ್ಳಿಯ ಸಂದಿಯಲ್ಲಿ ಬೆಳೆದ ಹುಡುಗ ಜಪಾನಿನ ಬ್ಯಾಂಡ್-ಮೇಡ್ ಬಗ್ಗೆಯೂ ಇಂಗ್ಲೆಂಡಿನ ಜೂಡಾಸ್ ಪ್ರೀಸ್ಟ್ ಬಗ್ಗೆಯೂ ಒಂದೇ ಉಸಿರಿನಲ್ಲಿ ಜಗಳ ಆಡ್ತಾನೆ ಅಂದರೆ ಈ ಮಾವನಿಗೆ ಒಳಗೊಳಗೇ ಖುಷಿ. ನಿಮ್ಮಮ್ಮ "ಇದೇನು ಕಿರುಚಾಟ, ಆರಿಸೋ" ಅಂದಾಗಲೆಲ್ಲ ನಿನ್ನ ಪರ ನಿಂತವನು ನಾನು. ಹಾಗಾಗಿ ನಾಲ್ಕು ಮಾತು ಹೇಳುವ ಸಲಿಗೆ ತಗೋತಿದ್ದೀನಿ.

ನಿನ್ನ ವಾದ ಗೊತ್ತು. ಪಶ್ಚಿಮದ ರಾಕ್ ಮುದುಕರ ಪಾಲಾಯಿತು, ಈಗ ಜೀವ ಇರೋದು ಜಪಾನಿನಲ್ಲಿ ಅಂತೀಯ. ನಿನ್ನ ಗೆಳೆಯ ಜಪಾನಿನವರದ್ದು ಬರೀ ನಕಲು ಅಂತಾನೆ. ಇಬ್ಬರೂ ಬಾವುಟ ನೋಡಿ ಮಾತಾಡ್ತಿದ್ದೀರಿ. ಹಾಡಿನ ಹತ್ತಿರ ಇನ್ನೂ ಯಾರೂ ಬಂದಿಲ್ಲ.

ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ತಗೋ. 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ಬುಡೋಕಾನ್ ಸಭಾಂಗಣದಲ್ಲಿ ಧ್ವನಿಮುದ್ರಣವಾದದ್ದು. ಮೊದಲಿಗೆ ಅದನ್ನು ಜಪಾನಿನಲ್ಲಷ್ಟೇ ಮಾರುವ ಯೋಚನೆ ಇತ್ತು. ನಮ್ಮ ಕೈಗೆ ಅದು ಸಿಕ್ಕಿದ್ದು ಒಬ್ಬರ ಕ್ಯಾಸೆಟ್‌ನಿಂದ ಇನ್ನೊಬ್ಬರ ಕ್ಯಾಸೆಟ್‌ಗೆ ಇಳಿದು ಇಳಿದು. ಖಾಲಿ ಕ್ಯಾಸೆಟ್ ಟಿಡಿಕೆ, ಹಾಕ್ತಿದ್ದ ಟೂ-ಇನ್-ಒನ್ ನ್ಯಾಷನಲ್ ಪ್ಯಾನಸಾನಿಕ್. ಇಂಗ್ಲೆಂಡಿನವರು ಜಪಾನಿನಲ್ಲಿ ನುಡಿಸಿದ್ದನ್ನು ಜಪಾನಿನ ಟೇಪಿನ ಮೇಲೆ ಮಾವಳ್ಳಿಯಲ್ಲಿ ಕೇಳಿದ್ದೀವಿ. ಇದರಲ್ಲಿ ಯಾವುದು ಯಾರದ್ದು ಅಂತ ಪಾಲು ಮಾಡ್ತೀಯ? ನೀನು ಗೋಡೆಗೆ ಅಂಟಿಸಿಕೊಂಡಿರೋ ಮೆಟಾಲಿಕಾ ಚಿತ್ರವನ್ನೇ ನೋಡು. ಹೆಟ್‌ಫೀಲ್ಡ್, ಹ್ಯಾಮೆಟ್ ಇಬ್ಬರ ಕೈಯಲ್ಲೂ ಇರೋದು ಇಎಸ್‌ಪಿ ಗಿಟಾರು. ಉಲ್ರಿಕ್ ಬಾರಿಸೋದು ಟಾಮಾ ಡ್ರಮ್ಸು. ಎರಡೂ ಜಪಾನಿನ ಕಂಪನಿಗಳು. ರಾಕ್ ಗಿಟಾರಿನ ಒರಟು ದನಿ ಹುಟ್ಟಿಸುವ ಬಾಸ್ ಕಂಪನಿಯ ಪೆಡಲ್ಲು, ಐಬನೆಜ್‌ನ ಟ್ಯೂಬ್ ಸ್ಕ್ರೀಮರ್ರು ಎಲ್ಲ ಅಲ್ಲಿಯವೇ. ನಕಲು ಅನ್ನುವ ನಿನ್ನ ಗೆಳೆಯನಿಗೆ ಇಷ್ಟು ಹೇಳು ಸಾಕು.

ಆಮೇಲೆ ಜಪಾನಿನ ಬೇಬಿಮೆಟಲ್ ತಂಡದ ವಿಷಯ. ಅದು ಮೆಟಲ್ಲೇ ಅಲ್ಲ ಅಂತ ಅವನು, ಅದೇ ಮೆಟಲ್‌ನ ನಾಳೆ ಅಂತ ನೀನು. ನಮ್ಮ ಬೀದಿಯವರಿಗೆ ಈ ಜಗಳ ಹೊಸದಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಬರ ಬಂದಾಗ ನಮ್ಮ ಮಾವಳ್ಳಿಯ ಹೋಟೆಲ್ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿದರು. ಉದ್ದಿಲ್ಲ, ಅಕ್ಕಿ ಇಲ್ಲ, ರಾತ್ರಿಯಿಡೀ ಹುದುಗಿಸೋದಿಲ್ಲ. ಶಾಸ್ತ್ರಕ್ಕೆ ನೋಡಿದರೆ ಅದು ಇಡ್ಲಿಯೇ ಅಲ್ಲ. ತಟ್ಟೆ ಮುಂದೆ ಕೂತವನು ಶಾಸ್ತ್ರ ಕೇಳ್ತಾನಾ? ಬೆಂದಿದೆಯಾ, ಮೆತ್ತಗಿದೆಯಾ, ಒಗ್ಗರಣೆ ಹದವಾಗಿದೆಯಾ ನೋಡ್ತಾನೆ. 2025ರ ಆಗಸ್ಟ್‌ನಲ್ಲಿ ಬಂದ 'ಮೆಟಲ್ ಫೋರ್ತ್' ಆಲ್ಬಂ ಅನ್ನೂ ಹಾಗೇ ನೋಡು. ಅದರಲ್ಲಿ ಅತಿಥಿಗಳದ್ದೇ ಸಂತೆ: ಜರ್ಮನಿಯ ಎಲೆಕ್ಟ್ರಿಕ್ ಕಾಲ್‌ಬಾಯ್, ಕೆನಡಾದ ಸ್ಪಿರಿಟ್‌ಬಾಕ್ಸ್, ಅಮೆರಿಕದ ಟಾಮ್ ಮೊರೆಲ್ಲೋ, ನಮ್ಮ ದೆಹಲಿಯ ಬ್ಲಡಿವುಡ್. ನನಗೆ ಕೇಳಿಸಿದ್ದು ಹೇಳ್ತೀನಿ. ಬಿಡಿ ಹಾಡುಗಳು ಒಂದಕ್ಕಿಂತ ಒಂದು ಚುರುಕು. ಒಟ್ಟಿಗೆ ಕೇಳಿದರೆ ಮನೆಯವರ ದನಿಗಿಂತ ನೆಂಟರ ದನಿಯೇ ಜಾಸ್ತಿ. ಬ್ಲಡಿವುಡ್ ಜೊತೆಗಿನ 'ಕೋನ್ ಕೋನ್' ಹಾಡಿನಲ್ಲಿ ಮಾತ್ರ ಇಬ್ಬರೂ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟಿದ್ದಾರೆ. ಇದನ್ನು ನೀನು ಒಪ್ಪಬೇಕಾಗಿಲ್ಲ. ಆದರೆ ಒಪ್ಪದಿದ್ದರೆ ಯಾವ ಹಾಡಿನ ಯಾವ ಜಾಗದಲ್ಲಿ ನಾನು ತಪ್ಪಿದೆ ಅಂತ ಬೊಟ್ಟು ಮಾಡಿ ತೋರಿಸು. ಮೆಟಲ್ ಹೌದೋ ಅಲ್ಲವೋ ಅನ್ನೋ ತರ್ಕಕ್ಕೆ ನಾನು ಬರೋದಿಲ್ಲ.

ಬ್ಯಾಂಡ್-ಮೇಡ್ ಬಗ್ಗೆ ಮಾತಾಡುವಾಗ ನೀನು "ಹುಡುಗಿಯರಾದರೂ ಎಷ್ಟು ಚೆನ್ನಾಗಿ ನುಡಿಸ್ತಾರೆ" ಅಂದೆ. ಆ "ಆದರೂ" ಕಿತ್ತುಹಾಕು. 2013ರಿಂದ ನುಡಿಸ್ತಿರೋ ತಂಡ ಅದು. 'ಎಪಿಕ್ ನರೇಟಿವ್ಸ್' (2024) ಕೇಳುವಾಗ ಹಾಡುಗಾರ್ತಿಯನ್ನು ಒಂದು ಪಕ್ಕಕ್ಕಿಟ್ಟು ಮಿಸಾ ನುಡಿಸುವ ಬೇಸ್ ಒಂದನ್ನೇ ಹಿಂಬಾಲಿಸಿ ನೋಡು. ಗಿಟಾರ್ ಓಡುವಾಗ ಬೇಸ್ ಅದರ ಬಾಲ ಹಿಡಿದು ಹೋಗೋದಿಲ್ಲ, ತನ್ನದೇ ದಾರಿ ಹಿಡಿದು ಕಾಲಕ್ಕೆ ಸರಿಯಾಗಿ ಬಂದು ಸೇರುತ್ತೆ. ಅವರು ತೊಡುವ ಮನೆಗೆಲಸದವಳ (ಮೇಡ್) ವೇಷದ ಬಗ್ಗೆ ಪುಟಗಟ್ಟಲೆ ಮಾತಾಡುವವರು ಇದನ್ನು ಹೇಳಿದ್ದು ನಾನು ಕಾಣೆ.

ಈಗ ಕೇಳುವ ವಿಧಾನ. ಒಂದು ಸಲ ಪೂರ್ತಿ ಕೇಳು, ಮಧ್ಯದಲ್ಲಿ ಫೋನ್ ಮುಟ್ಟದೆ, ಅವರು ಇಟ್ಟ ಕ್ರಮದಲ್ಲೇ. ಎರಡು ದಿನ ಬಿಟ್ಟು ಇನ್ನೊಂದು ಸಲ, ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ನಡೆಯುವಾಗಲಾದರೂ ಸರಿ. ಮೂರನೇ ಸಲ ಸಾಹಿತ್ಯ ಮುಂದಿಟ್ಟುಕೊಂಡು. ಜಪಾನೀ ಹಾಡಾದರೆ ಅನುವಾದ ಸಿಗುತ್ತೆ, ಓದು. ಭಾಷೆ ಬರೋದಿಲ್ಲ ಅಂತ ಸಂಕೋಚ ಬೇಡ. ತೆಲುಗು ಬಾರದ ಎಷ್ಟು ಜನ ಈ ಊರಲ್ಲಿ ತ್ಯಾಗರಾಜರ ಕೃತಿ ಕೇಳಿ ಕಣ್ಣೊರೆಸಿಕೊಂಡಿಲ್ಲ! ಆದರೆ ಅರ್ಥ ತಿಳಿಯದೆ "ಸಾಹಿತ್ಯ ಅದ್ಭುತ" ಅಂತ ಮಾತ್ರ ಹೇಳಬೇಡ. ನೀನು ಹೇಳಿದ್ದೀಯ.

ತಾಳ್ಮೆಯ ಮಾತು ಬಂತು. ದಿ ಕ್ಯೂರ್ ತಂಡ ಹದಿನಾರು ವರ್ಷ ಬಿಟ್ಟು 2024ರ ನವೆಂಬರ್‌ನಲ್ಲಿ 'ಸಾಂಗ್ಸ್ ಆಫ್ ಎ ಲಾಸ್ಟ್ ವರ್ಲ್ಡ್' ತಂತು. ಮೊದಲ ಹಾಡು 'ಅಲೋನ್'ನಲ್ಲಿ ರಾಬರ್ಟ್ ಸ್ಮಿತ್ ಬಾಯಿ ತೆರೆಯೋದೇ ಮೂರು ನಿಮಿಷ ದಾಟಿದ ಮೇಲೆ. ನೀನು ಮುಂದಕ್ಕೆ ಓಡಿಸಿ "ಬೋರು" ಅಂದೆ. ಅಲ್ಲಪ್ಪ, ಚಾಮರಾಜಪೇಟೆಯಲ್ಲಿ 1939ರಿಂದ ರಾಮನವಮಿ ಕಛೇರಿ ನಡೀತಿದೆ. ಆ ಚಪ್ಪರದಡಿ ಒಂದು ರಾಗದ ಆಲಾಪನೆಗೆ ಅರ್ಧ ಗಂಟೆ ಅಲ್ಲಾಡದೆ ಕೂತ ಅಜ್ಜಿಯ ಮೊಮ್ಮಗ ನೀನು. ಮೂರು ನಿಮಿಷ ಆಗಲಿಲ್ಲವೇ? ಆ ಮೂರು ನಿಮಿಷ ಇಲ್ಲದಿದ್ದರೆ ಆಮೇಲೆ ಬರುವ ದನಿಗೆ ಆ ಭಾರವೇ ಇರೋದಿಲ್ಲ.

ಹಾಗಂತ ಉದ್ದವೆಲ್ಲ ಘನ ಅಂದುಕೊಳ್ಳಬೇಡ. ಮೆಟಾಲಿಕಾದ '72 ಸೀಸನ್ಸ್' (2023) ಹನ್ನೆರಡು ಹಾಡು, 77 ನಿಮಿಷ. ಕೊನೆಯ 'ಇನಮೊರಾಟಾ' ಒಂದೇ ಹನ್ನೊಂದು ನಿಮಿಷ ದಾಟುತ್ತೆ, ಅದು ಚೆನ್ನಾಗಿದೆ ಕೂಡ. ಉಳಿದದ್ದರಲ್ಲಿ ಕತ್ತರಿ ಹಿಡಿದವರು ಯಾರೂ ಇರಲಿಲ್ಲ ಅಂತ ಕಾಣುತ್ತೆ. ಅದೇ ಕ್ಯೋಟೋದ ಓಟೊಬೊಕೆ ಬೀವರ್ ತಂಡದ 'ಸೂಪರ್ ಚಾಂಪೊನ್' (2022) ನೋಡು, ಹದಿನೆಂಟು ಹಾಡು ಇಪ್ಪತ್ತೊಂದು ನಿಮಿಷದಲ್ಲಿ ಮುಗಿಯುತ್ತೆ. ಕೆಲವು ಹಾಡು ಶುರುವಾಯಿತು ಅನ್ನೋಷ್ಟರಲ್ಲಿ ಇಲ್ಲ. ನಾಲ್ಕು ಹೆಂಗಸರು ಸೇರಿ ಸಿಟ್ಟು, ನಗೆ, ಲಯದ ತಿರುವು ಎಲ್ಲವನ್ನೂ ಹೇಗೆ ತುಂಬಿದ್ದಾರೆ ಅಂತೀಯ! ಹೊಸ ಜಪಾನೀ ಆಲ್ಬಂಗಳಲ್ಲಿ ನನಗೆ ತೀರಾ ಮೆಚ್ಚುಗೆಯಾದದ್ದು ಇದೇ. ನಿನ್ನ ಪಟ್ಟಿಯಲ್ಲಿ ಇದರ ಹೆಸರೇ ಇಲ್ಲ.

ಐರನ್ ಮೇಡನ್ ತಂಡದ 'ಸೆಂಜುಟ್ಸು'ಗೆ (2021) ನೀನು ಎಂಟು ಕೊಟ್ಟಿದ್ದೀಯ. ಯಾಕೆ ಅಂದರೆ ಸಮುರಾಯ್ ವೇಷದಲ್ಲಿರೋ ಅವರ ಲಾಂಛನದ ಗೊಂಬೆ ಎಡ್ಡಿಯ ಚಿತ್ರ ತೋರಿಸಿದೆ. ಹೊದಿಕೆಗೆ ಅಂಕ ಕೊಡೋದು ಯಾವಾಗಿಂದ? ಜಪಾನ್ ಇರೋದು ಮೇಲಿನ ಚಿತ್ರದಲ್ಲಿ, ಹೆಸರಿನಲ್ಲಿ, ಅದೇ ಹೆಸರಿನ ಹಾಡಿನಲ್ಲಿ. ಆಮೇಲೆ ಆಲ್ಬಂ ತನ್ನ ಹಳೆಯ ಹಾದಿ ಹಿಡಿಯುತ್ತೆ. ಕೊನೆಯ ಮೂರು ಹಾಡೂ ಸ್ಟೀವ್ ಹ್ಯಾರಿಸ್ ಬರೆದವು, ಮೂರೂ ಹತ್ತು ನಿಮಿಷ ಮೀರಿದವು. 'ಹೆಲ್ ಆನ್ ಅರ್ತ್' ಒಂದಕ್ಕಾಗಿ ಉಳಿದ ಎರಡನ್ನು ಸಹಿಸಬಹುದು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಅವರನ್ನು ಕಂಡವನು ನಾನು, ಅಭಿಮಾನದಲ್ಲಿ ನಿನಗಿಂತ ಕಡಿಮೆ ಇಲ್ಲ. ಅಭಿಮಾನ ಇದ್ದರೆ ಇನ್ನಷ್ಟು ನಿಷ್ಠುರವಾಗಿ ಕೇಳಬೇಕು ಅಂತ ನನ್ನ ಮತ. ಬೇಡದವರ ಆಲ್ಬಂನಲ್ಲಿ ತಪ್ಪು ಹುಡುಕೋಕೆ ಯಾವ ಶ್ರಮವೂ ಬೇಕಿಲ್ಲವಲ್ಲ.

ರೋಲಿಂಗ್ ಸ್ಟೋನ್ಸ್‌ನ 'ಹ್ಯಾಕ್ನಿ ಡೈಮಂಡ್ಸ್' (2023) ಬಗ್ಗೆ ನನ್ನನ್ನು ಕೇಳಬೇಡ. 2003ರ ಏಪ್ರಿಲ್‌ನಲ್ಲಿ ಅವರು ಇಲ್ಲಿಗೆ ಬಂದಾಗ ಡ್ರಮ್ಸ್ ಹಿಂದೆ ಕೂತಿದ್ದ ಚಾರ್ಲಿ ವಾಟ್ಸ್ ಈ ಆಲ್ಬಂನಲ್ಲಿ ಎರಡೇ ಹಾಡಿಗೆ ಇದ್ದಾರೆ, ಅದೂ ತೀರಿಕೊಳ್ಳುವ ಮುಂಚೆ ನುಡಿಸಿಟ್ಟದ್ದು. ಅಲ್ಲಿ ನನ್ನ ಕಿವಿ ನ್ಯಾಯವಾಗಿ ಕೇಳೋದಿಲ್ಲ. ಅದಕ್ಕೆ ಅಂಕವೂ ಕೊಡೋದಿಲ್ಲ.

ಇನ್ನೊಂದು, ಗದ್ದಲಕ್ಕೆ ಮರುಳಾಗಬೇಡ. ಅಕ್ಕಪಕ್ಕ ಎರಡು ಹಾಡು ಹಾಕಿದರೆ ಜೋರಾಗಿರೋದೇ ಚೆನ್ನಾಗಿದೆ ಅಂತ ಕಿವಿ ಹೇಳುತ್ತೆ. ಕಂಪನಿಗಳಿಗೆ ಇದು ಚೆನ್ನಾಗಿ ಗೊತ್ತು. ಅದಕ್ಕೇ ಮೆಲುದನಿಯನ್ನೂ ಎತ್ತಿ ಎತ್ತಿ ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದು ನಿಲ್ಲಿಸ್ತಾರೆ. ಮೆಟಾಲಿಕಾದ 'ಡೆತ್ ಮ್ಯಾಗ್ನೆಟಿಕ್' (2008) ಹೀಗೇ ಕೆಟ್ಟಿತು. ಡ್ರಮ್ಸ್ ದನಿ ಒಡೆದು ಕೇಳಿಸುತ್ತಿತ್ತು. ಅದೇ ಹಾಡುಗಳು ಗಿಟಾರ್ ಹೀರೋ ವಿಡಿಯೋ ಗೇಮ್‌ನಲ್ಲಿ ಬಂದಾಗ ಅಷ್ಟು ಹಿಂಡಿರಲಿಲ್ಲ, ಉಸಿರಾಡುತ್ತಿದ್ದವು. ಹೊಸದಾಗಿ ಮಿಕ್ಸ್ ಮಾಡಿಕೊಡಿ ಅಂತ ಅಭಿಮಾನಿಗಳೇ ಸಹಿ ಸಂಗ್ರಹಿಸಿದರು. ಈಗಿನ ಜಪಾನೀ ರಾಕ್‌ನಲ್ಲೂ ಈ ರೋಗ ಕಡಿಮೆಯೇನಿಲ್ಲ. ಆದ್ದರಿಂದ ಎರಡನ್ನು ಹೋಲಿಸುವ ಮುಂಚೆ ವಾಲ್ಯೂಮ್ ಸಮ ಮಾಡಿಕೋ.

ಯಾವ ಪ್ರತಿ ಕೇಳಿದೆ ಅನ್ನೋದನ್ನೂ ನೋಡಿಕೋ. ಒನ್ ಓಕೆ ರಾಕ್‌ನ 'ಲಕ್ಷುರಿ ಡಿಸೀಸ್' (2022) ಜಪಾನಿಗೊಂದು, ಹೊರಗಿನವರಿಗೊಂದು ಅಂತ ಎರಡು ರೂಪದಲ್ಲಿ ಇದೆ. ನೀನು ಒಂದು ಕೇಳಿ, ಅವನು ಇನ್ನೊಂದು ಕೇಳಿ ಮಿನರ್ವ ಸರ್ಕಲ್‌ನಲ್ಲಿ ಹೊಡೆದಾಡಿದರೆ ಏನು ಬಂತು? ಹಾಗೇ ಪಶ್ಚಿಮದ ಆಲ್ಬಂಗಳ ಜಪಾನೀ ಸಿಡಿಯಲ್ಲಿ ಎಷ್ಟೋ ಸಲ ಒಂದು ಹಾಡು ಹೆಚ್ಚಿಗೆ ಇರುತ್ತೆ. ಅಲ್ಲಿ ಸ್ಥಳೀಯ ಸಿಡಿಗೆ ಕಂಪನಿ ಇಟ್ಟ ಬೆಲೆಗಿಂತ ಕಡಿಮೆಗೆ ಅಂಗಡಿಯವರು ಮಾರುವಂತಿಲ್ಲ, ಹೊರದೇಶದ ಪ್ರತಿ ಅಗ್ಗಕ್ಕೆ ಸಿಗುತ್ತೆ. ಹಾಗಾಗಿ ಸ್ಥಳೀಯ ಪ್ರತಿಯನ್ನೇ ಕೊಳ್ಳಲಿ ಅಂತ ಆ ಆಮಿಷ. ಅದು ಆಲ್ಬಂನ ಭಾಗ ಅಲ್ಲ. ಕೊನೆಯ ಹಾಡು ಪೇಲವ ಅಂತ ಬೈಯುವ ಮುಂಚೆ ಅದು ನಿಜಕ್ಕೂ ಕೊನೆಯ ಹಾಡೇನಾ ನೋಡು.

ಕಿವಿ ಕಾಪಾಡಿಕೋ. ಇದು ತಮಾಷೆಯಲ್ಲ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಒಂದು ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಆ ಹೊತ್ತು ಅರ್ಧಕ್ಕೆ ಇಳಿಯುತ್ತೆ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ, ರಾಕ್ ಕಾರ್ಯಕ್ರಮಗಳಲ್ಲಿ ಸದ್ದು ಅದನ್ನೂ ಮೀರುತ್ತೆ. ದಿ ಹೂ ತಂಡದ ಪೀಟ್ ಟೌನ್‌ಶೆಂಡ್ ಕಿವಿ ಹಾಳು ಮಾಡಿಕೊಂಡದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಜೆ.ಸಿ. ರಸ್ತೆಯ ಹಾರ್ನ್ ಮೀರಿಸಬೇಕು ಅಂತ ಇಯರ್‌ಫೋನ್ ತುದಿಗೆ ತಿರುಗಿಸ್ತೀಯಲ್ಲ, ಬೇಡ. ಬಸ್ಸಿನಲ್ಲಿ ಹೊಸ ಆಲ್ಬಂ ಕೇಳಲೇಬೇಡ. ಕೇಳಿದ ಹಾಗೂ ಆಗೋದಿಲ್ಲ, ಕಿವಿಯೂ ಹೋಗುತ್ತೆ.

ಇಷ್ಟೆಲ್ಲ ದೂರದ ಮಾತು ಆಡಿದ ಮೇಲೆ ಊರಿನದ್ದೊಂದು. ಇಲ್ಲಿ 1964ರಲ್ಲಿ ಟಿ.ಎ.ಎಸ್. ಮಣಿಯವರು ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದರು, ಮೃದಂಗ, ಘಟ, ಖಂಜಿರ, ಮೋರ್ಸಿಂಗ್ ಕಲಿಸೋಕೆ. ಎಪ್ಪತ್ತರ ದಶಕದ ಕೊನೆಗೆ ಮ್ಯೂನಿಕ್‌ನ ಎಂಬ್ರಿಯೋ ಅನ್ನುವ ರಾಕ್ ತಂಡ ಬಸ್ಸಿನಲ್ಲೇ ಭೂಮಾರ್ಗವಾಗಿ ಭಾರತಕ್ಕೆ ಬಂದು ಇವರೊಂದಿಗೆ ನುಡಿಸಿತು. ಅದರಿಂದ ಕವಲೊಡೆದ ಡಿಸಿಡೆಂಟನ್ ತಂಡ 1982ರಲ್ಲಿ ಇವರ ಜೊತೆ 'ಜರ್ಮನಿಸ್ತಾನ್' ಅನ್ನುವ ಆಲ್ಬಂ ಮಾಡಿತು. ಆರ್.ಎ. ರಮಾಮಣಿಯವರ ದನಿ ಇದೆ ಅದರಲ್ಲಿ. ಬೇಬಿಮೆಟಲ್ ದೆಹಲಿಯವರನ್ನು ಕರೆದದ್ದಕ್ಕೆ ನೀನು ಬೆರಗಾದೆ. ಬೆರಗಾಗು, ಬೇಡ ಅನ್ನೋದಿಲ್ಲ. ಹಾಗೇ ನಲವತ್ತು ವರ್ಷದ ಹಿಂದೆ ನಮ್ಮೂರಿನವರು ಮಾಡಿಟ್ಟದ್ದನ್ನೂ ಹುಡುಕಿ ಕೇಳು. ಅಲ್ಲಿ ಲಯ ಅತಿಥಿಯಾಗಿ ಬಂದು ಹೋಗೋದಿಲ್ಲ, ಮನೆಯನ್ನೇ ಹೊತ್ತು ನಿಂತಿದೆ.

ಇನ್ನು ಕ್ರಿಪ್ಟೋಸ್ ಅನ್ನೋ ನಮ್ಮೂರಿನ ಮೆಟಲ್ ತಂಡ. 1998ರಿಂದ ಬೆಂಗಳೂರಿನಲ್ಲೇ ಇದ್ದಾರೆ, ಯುರೋಪಿನ ಸಂಗೀತ ಹಬ್ಬಗಳಲ್ಲಿ ನುಡಿಸಿ ಬಂದಿದ್ದಾರೆ, 2024ರಲ್ಲಿ 'ಡೆಸಿಮೇಟರ್' ತಂದರು. ಜೋಡಿ ಗಿಟಾರಿನ ಹಳೆಯ ಪದ್ಧತಿ ಅವರದು, ಮೇಡನ್, ಪ್ರೀಸ್ಟ್ ಕೇಳಿ ಬೆಳೆದ ಕಿವಿಗೆ ಗುರುತು ಸಿಗುತ್ತೆ. ಹೊಸತೇನೂ ಇಲ್ಲ ಅಂತ ಕೆಲವರ ದೂರು. ನನಗೆ ಅದು ದೂರೇ ಅಲ್ಲ, ಪದ್ಧತಿ ಹಳೆಯದಾದರೂ ರಾಗ ಅವರದ್ದೇ, ಒಂದು ಸ್ವರವೂ ಪೋಲಾಗಿಲ್ಲ. ಟೋಕಿಯೋದಲ್ಲಿ ಏನು ಬಂತು ಅಂತ ಮಧ್ಯರಾತ್ರಿ ಎದ್ದು ನೋಡುವವನು ಇದರ ಬಗ್ಗೆ ಇನ್ನೂ ಬಾಯಿ ಬಿಟ್ಟಿಲ್ಲ. ಮುಂದಿನ ಸಲ ಅವರು ಊರಲ್ಲಿ ನುಡಿಸಿದಾಗ ಟಿಕೆಟ್ ನಾನೇ ತೆಗೀತೀನಿ. ಕಿವಿಗೆ ಹಾಕೋ ಪ್ಲಗ್ ನಿನ್ನ ಖರ್ಚು, ನನ್ನದೂ ಸೇರಿ.